ಮಸಿ ತೊಳೆದವರ ಕಥೆ

ಒಂದು ರಾತ್ರಿ ಹನ್ನೊಂದು ಗಂಟೆಗೆ ಚಿಕ್ಕಪ್ಪನ ಮಗಳು ವಾಟ್ಸಾಪಿನಲ್ಲಿ ಎರಡು ಫೋಟೋ ಕಳಿಸಿದಳು. ಮೊದಲನೆಯದರಲ್ಲಿ ಒಂದು ಗಾಜಿನ ಸೀಸೆ, ಅದರೊಳಗೆ ಹಾಲು ಹಾಕದ ಟೀಯಂಥ ನೀರು. ಎರಡನೆಯದು ಅದೇ ಸೀಸೆ, ಆದರೆ ಕತ್ತಲೆಯಲ್ಲಿ. ಐನೂರರ ನೋಟು ಅಸಲಿಯೋ ನಕಲಿಯೋ ನೋಡೋಕೆ ಅಂಗಡಿಯವರು ಇಟ್ಟುಕೊಂಡಿರ್ತಾರಲ್ಲ, ಆ ನೇರಳೆ ಟಾರ್ಚಿನ ಬೆಳಕು ಅದರ ಮೇಲೆ ಬಿದ್ದಿತ್ತು. ಟೀ ನೀರು ನೀಲಿಯಾಗಿ ಹೊಳೀತಿತ್ತು. "ನಿಂಬೆರಸದಿಂದ ಮಾಡಿದ್ದು ಅಣ್ಣ. ಕಾರ್ಬನ್ ಡಾಟ್ಸ್. ಇದನ್ನ ಜೀವಕೋಶದೊಳಗೆ ಬಿಟ್ಟು ಫೋಟೋ ತೆಗೀಬಹುದು" ಅಂತ ಕೆಳಗೆ ಬರೆದಿದ್ದಳು. ಅವಳದು ಎಂ.ಎಸ್ಸಿ. ಕೊನೆಯ ವರ್ಷ. ಪ್ರಾಜೆಕ್ಟ್ ರಿಪೋರ್ಟ್ ಕೊಡೋಕೆ ಇನ್ನು ಮೂರು ವಾರ ಇತ್ತು. ಇಂಗ್ಲಿಷ್ ತಿದ್ದಿಕೊಡು ಅನ್ನೋದು ಅಸಲು ವಿಷಯ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಕೆಮಿಸ್ಟ್ರಿ ಜೊತೆಗಿನ ನನ್ನ ವ್ಯವಹಾರ ಬಿ.ಇ. ಮೊದಲ ವರ್ಷದ ಲ್ಯಾಬಿಗೇ ಮುಗಿದಿತ್ತು. ಆದರೆ ಇನ್ನೊಬ್ಬರು ಬರೆದದ್ದನ್ನ ತಿದ್ದಬೇಕಾದ್ರೆ ಅದು ಏನು ಅಂತಾದರೂ ಗೊತ್ತಿರಬೇಕಲ್ಲ. ಅವಳ ರಿಪೋರ್ಟಿನ ಮೊದಲ ಅಧ್ಯಾಯದಿಂದ ಹಿಡಿದ ದಾರ ಎಳೆಯುತ್ತಾ ಹೋದೆ. ಒಂದೂವರೆ ವಾರ ರಾತ್ರಿ ಎಲ್ಲ ಇದೇ ಆಯ್ತು. ಕೊನೆಗೆ ಸಿಕ್ಕಿದ್ದು ಇಂಗ್ಲಿಷ್ ತಪ್ಪಿಗಿಂತ ದೊಡ್ಡದು. ಅದಕ್ಕೆ ಆಮೇಲೆ ಬರ್ತೀನಿ.

ಜೀವಕೋಶ ಅನ್ನೋದು ಹೆಚ್ಚುಕಡಿಮೆ ನೀರಿನ ಹನಿಯ ಹಾಗೆ ಪಾರದರ್ಶಕ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ಅದರ ಅಂಚು ಕಾಣಬಹುದು, ಒಳಗಿನ ಸಂಸಾರ ಕಾಣಲ್ಲ. ಅದಕ್ಕೇ ವಿಜ್ಞಾನಿಗಳು ಬಣ್ಣ ಹಾಕ್ತಾರೆ. ಬಣ್ಣಗಳಲ್ಲೂ ಫ್ಲೋರೆಸೆಂಟ್ ಬಣ್ಣ ಅಂದ್ರೆ ಇನ್ನೂ ಅನುಕೂಲ. ಒಂದು ಬಣ್ಣದ ಬೆಳಕು ಹಾಯಿಸಿದರೆ ಅದನ್ನ ಕುಡಿದು ಇನ್ನೊಂದು ಬಣ್ಣದ ಬೆಳಕನ್ನ ಹೊರಗೆ ಬಿಡುತ್ತೆ. ಹೋದ ಬೆಳಕನ್ನ ಫಿಲ್ಟರ್ ಹಾಕಿ ತಡೆದರೆ ಕಪ್ಪು ಹಿನ್ನೆಲೆಯಲ್ಲಿ ಬಂದ ಬೆಳಕಷ್ಟೇ ಕಾಣುತ್ತೆ, ಅಮಾವಾಸ್ಯೆ ರಾತ್ರಿ ಗುಡ್ಡದ ಮೇಲಿಂದ ದೂರದ ಊರು ಕಂಡ ಹಾಗೆ. ಈ ಗುಣಕ್ಕೆ ಫ್ಲೋರೆಸೆನ್ಸ್ ಅಂತ ಹೆಸರಿಟ್ಟವನು ಜಾರ್ಜ್ ಸ್ಟೋಕ್ಸ್, 1852ರಲ್ಲಿ. ಮಲೇರಿಯಾಕ್ಕೆ ಕೊಡ್ತಿದ್ದ ಕ್ವಿನೈನ್ ದ್ರಾವಣ ಕೂಡ ಅವನು ಪರೀಕ್ಷೆ ಮಾಡಿದ ವಸ್ತುಗಳಲ್ಲಿ ಒಂದು.

ಸಾಮಾನ್ಯ ಬಣ್ಣಗಳ ತೊಂದರೆ ಏನಂದ್ರೆ, ಅವು ಬೆಳಕಿನಲ್ಲಿ ಬೇಗ ಮಾಸಿಹೋಗ್ತವೆ. ಬಿಸಿಲಿಗೆ ಹಾಕಿದ ಶರ್ಟ್ ಇದ್ದಂಗೆ. ಕ್ವಾಂಟಮ್ ಡಾಟ್‌ಗಳು ಬಂದಾಗ ಎಲ್ಲರೂ ಖುಷಿಪಟ್ಟಿದ್ದು ಅದಕ್ಕೇ. ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕ ಹರಳು ಅದು, ಗಾತ್ರ ಬದಲಾದ್ರೆ ಬಣ್ಣವೂ ಬದಲಾಗುತ್ತೆ. ಸೋವಿಯತ್ ದೇಶದ ಅಲೆಕ್ಸಿ ಎಕಿಮೋವ್ ಗಾಜಿನೊಳಗೆ, ಅಮೆರಿಕದ ಲೂಯಿ ಬ್ರೂಸ್ ದ್ರಾವಣದೊಳಗೆ ಇದನ್ನ ಎಂಬತ್ತರ ದಶಕದ ಶುರುವಿನಲ್ಲಿ ಕಂಡರು. 1993ರಲ್ಲಿ ಮೌಂಗಿ ಬವೆಂಡಿ ಅಚ್ಚುಕಟ್ಟಾಗಿ ತಯಾರಿಸೋ ವಿಧಾನ ಕೊಟ್ಟರು. ಮೂವರಿಗೂ ಸೇರಿ 2023ರ ನೊಬೆಲ್ ಬಂತು, ಪೇಪರಿನಲ್ಲಿ ಓದಿರ್ತೀರಿ. 1998ರಲ್ಲಿ ಒಂದೇ ಸಲಕ್ಕೆ ಎರಡು ಗುಂಪು ಇವನ್ನ ಜೀವಕೋಶಕ್ಕೆ ಹಾಕಿ ತೋರಿಸಿದವು. ಮಾಸದ ಬಣ್ಣ ಕೊನೆಗೂ ಸಿಕ್ತು ಅಂತ ಆಯ್ತು.

ಆದರೆ ಆ ಹರಳಿನ ಹೊಟ್ಟೆಯಲ್ಲಿ ಇದ್ದದ್ದು ಕ್ಯಾಡ್ಮಿಯಂ. ವಿಷ. 2004ರಲ್ಲಿ ಸಂಗೀತಾ ಭಾಟಿಯಾ ಅವರ ಗುಂಪು ಯಕೃತ್ತಿನ ಜೀವಕೋಶಗಳ ಮೇಲೆ ಪ್ರಯೋಗ ಮಾಡಿ, ಹರಳಿನ ಮೇಲ್ಮೈ ಗಾಳಿಗೋ ನೇರಳಾತೀತ ಬೆಳಕಿಗೋ ಸಿಕ್ಕಿ ಹಾಳಾದ್ರೆ ಕ್ಯಾಡ್ಮಿಯಂ ಸೋರಿ ಜೀವಕೋಶಗಳು ಸಾಯ್ತವೆ ಅಂತ ತೋರಿಸಿತು. ಮೇಲೆ ಕವಚ ಹಾಕಿದ್ರೆ ಸೋರಿಕೆ ಕಡಿಮೆಯಾಗುತ್ತೆ ನಿಜ, ಆದ್ರೆ ಅನುಮಾನ ಒಂದ್ಸಲ ಹುಟ್ಟಿತಲ್ಲ. ನೋಡೋಕೆ ಹೋದವನು ನೋಡಿದ್ದನ್ನೇ ಸಾಯಿಸಿದ್ರೆ ನೋಡಿ ಏನು ಪ್ರಯೋಜನ?

ಅದೇ 2004ರಲ್ಲಿ, ಇದ್ಯಾವುದರ ಜೊತೆಗೂ ಸಂಬಂಧ ಇಲ್ಲದ ಒಂದು ಲ್ಯಾಬಿನಲ್ಲಿ, ಯಾರೋ ಮಸಿ ತೊಳೀತಿದ್ರು.

ಯೂನಿವರ್ಸಿಟಿ ಆಫ್ ಸೌತ್ ಕ್ಯಾರೊಲಿನಾದ ವಾಲ್ಟರ್ ಸ್ಕ್ರಿವೆನ್ಸ್ ಅವರ ಕಸುಬೇ ಮಸಿ ತೊಳೆಯೋದು ಅನ್ನಬಹುದು. ವಿದ್ಯಾರ್ಥಿಯಾಗಿದ್ದಾಗಲೇ, 1992ರಲ್ಲಿ, ಫುಟ್‌ಬಾಲ್ ಆಕಾರದ ಇಂಗಾಲದ ಅಣು ಸಿ-60ಯನ್ನ ಮಸಿಯಿಂದ ಗ್ರಾಂಗಟ್ಟಲೆ ಬೇರ್ಪಡಿಸೋ ಅಗ್ಗದ ದಾರಿ ಹುಡುಕಿದವರಲ್ಲಿ ಅವರೂ ಒಬ್ಬರು. ಆ ಮಸಿ ಸೋಸೋಕೆ ಅವರು ಬಳಸಿದ್ದೂ ಇದ್ದಿಲಿನ ಪುಡಿಯನ್ನೇ! ಇದ್ದಿಲು ಮಸಿಗೆ ಬುದ್ಧಿ ಹೇಳ್ತು ಅನ್ನೋ ಗಾದೆ ಇದೆಯಲ್ಲ, ಇಲ್ಲಿ ಅದು ನಿಜವಾಗಿಯೂ ಹೇಳಿ ಕೆಲಸ ಮುಗಿಸಿತು.

ಈ ಸಲ ಅವರ ಗುಂಪಿಗೆ ಬೇಕಾಗಿದ್ದು ಇಂಗಾಲದ ನಳಿಕೆಗಳು, ಅಂದ್ರೆ ಕಾರ್ಬನ್ ನ್ಯಾನೋಟ್ಯೂಬ್. ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಕಿಡಿ ಹಾರಿಸಿದ್ರೆ ಬರೋ ಮಸಿಯಲ್ಲಿ ನಳಿಕೆಗಳ ಜೊತೆ ಹಾಳುಮೂಳು ಎಲ್ಲ ಇರುತ್ತೆ. ನೈಟ್ರಿಕ್ ಆಮ್ಲದಲ್ಲಿ ಕುದಿಸಿ, ಕ್ಷಾರದ ನೀರಿನಲ್ಲಿ ಕದಡಿ, ಎಲೆಕ್ಟ್ರೋಫೊರೆಸಿಸ್‌ಗೆ ಹಾಕಿದರು. ಇದು ಡಿಎನ್ಎ ಪರೀಕ್ಷೆಯಲ್ಲಿ ಬಳಸೋ ವಿಧಾನವೇ. ಅಗರ್ ಥರದ ಜೆಲ್ಲಿಯ ಒಂದು ತುದಿಯಲ್ಲಿ ಮಾದರಿ ಹಾಕಿ ಕರೆಂಟ್ ಕೊಟ್ಟರೆ ಚಿಕ್ಕ ತುಣುಕು ಮುಂದೆ ಓಡ್ತವೆ, ದೊಡ್ಡವು ಏದುಸಿರು ಬಿಡ್ತಾ ಹಿಂದೆ ಉಳೀತವೆ. ನಳಿಕೆಗಳು ಹಿಂದೆ ಉಳಿದವು. ಆದರೆ ಎಲ್ಲಕ್ಕಿಂತ ಮುಂದೆ ಏನೋ ಓಡಿತ್ತು, ನೇರಳಾತೀತ ಬೆಳಕಿನಲ್ಲಿ ಅದು ಹೊಳೀತಿತ್ತು. ಅದನ್ನ ಮತ್ತೆ ಬಿಡಿಸಿದ್ರೆ ಬೇರೆ ಬೇರೆ ಬಣ್ಣದ ಪಟ್ಟಿಗಳು. ಕಸ ಅಂತ ತೆಗೆದದ್ದು ಬೆಳಕು ಕೊಡ್ತಿತ್ತು.

ಆ ಲೇಖನದ ಶೀರ್ಷಿಕೆಯಲ್ಲಿ ಕಾರ್ಬನ್ ಡಾಟ್ ಅನ್ನೋ ಪದವೇ ಇಲ್ಲ, ಫ್ಲೋರೆಸೆಂಟ್ ನ್ಯಾನೋಟ್ಯೂಬ್ ತುಣುಕುಗಳು ಅಂತಿದೆ. ಹೆಸರು ಬಂದಿದ್ದು ಎರಡು ವರ್ಷ ಬಿಟ್ಟು, ಅದೇ ರಾಜ್ಯದ ಇನ್ನೊಂದು ಮೂಲೆಯ ಕ್ಲೆಮ್ಸನ್ ವಿಶ್ವವಿದ್ಯಾಲಯದಿಂದ. ಯಾ-ಪಿಂಗ್ ಸುನ್ ಅವರ ಗುಂಪು ಇಂಗಾಲದ ಬಿಲ್ಲೆಗೆ ಲೇಸರ್ ಹೊಡೆದು, ಬಂದ ಪುಡಿಯನ್ನ ಮತ್ತದೇ ನೈಟ್ರಿಕ್ ಆಮ್ಲದಲ್ಲಿ ಕುದಿಸಿ, ಕಣಗಳ ಮೇಲೆ ಪಾಲಿಮರ್ ಬಾಲಗಳನ್ನ ಅಂಟಿಸಿತು. ಬಾಲ ಅಂಟಿಸೋ ಮುಂಚೆ ಕಣ ಹೆಚ್ಚುಕಮ್ಮಿ ಕಪ್ಪು. ಅಂಟಿಸಿದ ಮೇಲೆ ಹೊಳಪು. ನೂರು ಬೆಳಕಿನ ಕಣ ಕುಡಿದ್ರೆ ಎಷ್ಟು ವಾಪಸ್ ಕೊಡುತ್ತೆ ಅನ್ನೋ ಲೆಕ್ಕಕ್ಕೆ ಕ್ವಾಂಟಮ್ ಯೀಲ್ಡ್ ಅಂತಾರೆ. ಇವರ ಕಣಗಳಲ್ಲಿ ಒಳ್ಳೆಯವು 10%ರ ಆಸುಪಾಸಿಗೆ ಬಂದವು. 2007ರಲ್ಲಿ ಇದೇ ಗುಂಪು ಆ ಕಣಗಳನ್ನ ಮನುಷ್ಯರ ಸ್ತನ ಕ್ಯಾನ್ಸರಿನ ಜೀವಕೋಶಗಳಿಗೆ ಕೊಟ್ಟಿತು. ಕಣಗಳು ಪೊರೆ ದಾಟಿ ಒಳಗೆ ಬಂದವು, ಆದರೆ ನ್ಯೂಕ್ಲಿಯಸ್ಸಿಗೆ ಅಷ್ಟಾಗಿ ಹೋಗಲಿಲ್ಲ. 4 ಡಿಗ್ರಿಗೆ ತಣ್ಣಗೆ ಮಾಡಿದ್ರೆ ಜೀವಕೋಶ ಕಣಗಳನ್ನ ಮುಟ್ಟಲೇ ಇಲ್ಲ. ಅಂದ್ರೆ ಕಣ ತಾನಾಗಿ ತೂರಿ ಬರ್ತಿಲ್ಲ, ಜೀವಕೋಶವೇ ಶ್ರಮಪಟ್ಟು ನುಂಗ್ತಿದೆ. ಚಳಿಗೆ ಅದಕ್ಕೂ ಊಟ ಬೇಡ.

ಲೇಸರ್ ಎಲ್ಲರ ಹತ್ರ ಇರಲ್ಲ. ಮೇಣದಬತ್ತಿ ಇರುತ್ತೆ.

2007ರಲ್ಲೇ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಹೈಪೆಂಗ್ ಲಿಯು, ಟಾವೊ ಯೆ, ಚೆಂಗ್‌ಡೆ ಮಾವೊ ಉರಿಯೋ ಮೇಣದಬತ್ತಿಯ ಮೇಲೆ ಅಲ್ಯೂಮಿನಿಯಂ ಹಾಳೆ ಹಿಡಿದು ಮಸಿ ಕೂಡಿಸಿದರು. ಇದನ್ನ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ನಮ್ಮಜ್ಜಿ ಕಾಡಿಗೆ ಮಾಡ್ತಿದ್ದದ್ದು ಹೀಗೇ. ಹರಳೆಣ್ಣೆ ದೀಪ, ಎರಡು ಕಡೆ ಇಟ್ಟಿಗೆ, ಮೇಲೆ ಬೋರಲು ಹಾಕಿದ ಹಿತ್ತಾಳೆ ತಟ್ಟೆ. ಬೆಳಿಗ್ಗೆ ತಟ್ಟೆ ಎತ್ತಿದ್ರೆ ಮಖಮಲ್ಲಿನಂಥ ಕಪ್ಪು, ಅದಕ್ಕೆ ಒಂಚೂರು ತುಪ್ಪ. ಹುಟ್ಟಿದ ಮಕ್ಕಳ ಕೆನ್ನೆಗೆಲ್ಲ ಅದೇ ಬೊಟ್ಟು. ಆ ಮಸಿಗೆ ನೀರು ಸೋಕಲ್ಲ, ಹನಿ ಹಾಕಿದ್ರೆ ಕೆಸುವಿನೆಲೆ ಮೇಲಿನ ಹಾಗೆ ಉರುಳಿಹೋಗುತ್ತೆ. ಪರ್ಡ್ಯೂದವರು ಅಜ್ಜಿಗಿಂತ ಒಂದು ಹೆಜ್ಜೆ ಮುಂದೆ ಹೋದರು: ನೈಟ್ರಿಕ್ ಆಮ್ಲದಲ್ಲಿ ಹನ್ನೆರಡು ಗಂಟೆ ಕುದಿಸಿದರು. ಆಮ್ಲ ಮಸಿಯನ್ನ ಕೊರೆದು, ಅದರ ಮೈಮೇಲೆಲ್ಲ ಆಮ್ಲಜನಕದ ಗುಂಪುಗಳನ್ನ ಕೂರಿಸುತ್ತೆ. ಆಗ ನೀರಿಗೂ ಮಸಿಗೂ ರಾಜಿಯಾಗುತ್ತೆ. ಜೆಲ್ಲಿಯಲ್ಲಿ ಓಡಿಸಿದ್ರೆ ನೇರಳೆಯಿಂದ ಕೆಂಪಿನ ತನಕ ಪಟ್ಟಿಗಳು. ಹೊಳಪು ಮಾತ್ರ ಬಹಳ ಕಡಿಮೆ, 2%ಕ್ಕಿಂತ ಕೆಳಗೆ.

ಮೇಣದಬತ್ತಿ ಬೆಳಗೋದೇ ಮಸಿಯಿಂದ ಅಂತ ಮೈಕೆಲ್ ಫ್ಯಾರಡೆ 1860ರ ಕೊನೆಯಲ್ಲಿ ಲಂಡನ್ನಿನ ಮಕ್ಕಳಿಗೆ ಕ್ರಿಸ್ಮಸ್ ಉಪನ್ಯಾಸದಲ್ಲಿ ತೋರಿಸಿದ್ದ. ಜ್ವಾಲೆಯೊಳಗೆ ಕಾದು ಕೆಂಪಾದ ಇಂಗಾಲದ ಕಣಗಳೇ ಆ ಹಳದಿ ಬೆಳಕು. ಅದು ಬಿಸಿಯ ಬೆಳಕು, ಇದು ತಣ್ಣನೆಯ ಬೆಳಕು. ಎರಡೂ ಒಂದೇ ಮಸಿಯಲ್ಲಿ ಇದ್ವು, ಎರಡನೆಯದು ಕಾಣೋಕೆ ಸುಮಾರು ನೂರೈವತ್ತು ವರ್ಷ ಹಿಡೀತು.

ಈ ಕಥೆ ಭಾರತಕ್ಕೆ ಬರೋದು 2009ರಲ್ಲಿ. ನಿಖಿಲ್ ಜಾನಾ ಮತ್ತು ಸಂಗಡಿಗರು ಮಸಿಯನ್ನ ಆಮ್ಲದಲ್ಲಿ ಕುದಿಸೋದನ್ನೇ ಮಾಡಿದರು, ಆದರೆ ಜೆಲ್ಲಿಯ ಬದಲು ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿ ದೊಡ್ಡ ಕಣ ಬೇರೆ, ಚಿಕ್ಕ ಕಣ ಬೇರೆ ಮಾಡಿದರು. ಜೆಲ್ಲಿಯಲ್ಲಿ ಸಿಗೋದು ಚಿಟಿಕೆ, ಇದರಲ್ಲಿ ಮಿಲಿಗ್ರಾಂಗಟ್ಟಲೆ ಸಿಗುತ್ತೆ. ಕಣದ ಗಾತ್ರ 2ರಿಂದ 6 ನ್ಯಾನೋಮೀಟರ್, ಅಂದ್ರೆ ಡಿಎನ್ಎ ಎಳೆಯ ದಪ್ಪದಷ್ಟರಿಂದ ಅದರ ಮೂರು ಪಟ್ಟಿನವರೆಗೆ. ಬೇರ್ಪಡಿಸೋ ಮುಂಚೆ ಕ್ವಾಂಟಮ್ ಯೀಲ್ಡ್ 0.8%, ಬೇರ್ಪಡಿಸಿದ ಮೇಲೆ ಸುಮಾರು 3%. ಮೈಗೆ ಯಾವ ಬಾಲವನ್ನೂ ಅಂಟಿಸದೆ ಹಾಗೇ ಕೊಟ್ಟರೂ ಜೀವಕೋಶಗಳು ಕಣಗಳನ್ನ ಒಳಗೆ ತಗೊಂಡವು, ಹಸಿರಾಗಿ ಕಂಡವು. 3% ಅಂದ್ರೆ ಏನು ಮಹಾ ಅನ್ನಿಸಬಹುದು. ಆದ್ರೆ ನನಗೆ ಇಷ್ಟವಾಗಿದ್ದು ಆ 0.8ರಿಂದ 3ರ ಪ್ರಯಾಣ. ಹೊಸದೇನೂ ಸೇರಿಸಲಿಲ್ಲ, ಬೇಡದ್ದನ್ನ ತೆಗೆದರು ಅಷ್ಟೇ.

ಜಾನಾ ಅವರ ಸಂಸ್ಥೆ ಕೋಲ್ಕತ್ತದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದು. ಬೆಂಗಳೂರಿಗೆ ಬರೋ ಮುಂಚೆ ಸಿ.ವಿ. ರಾಮನ್ ಕೆಲಸ ಮಾಡ್ತಿದ್ದದ್ದು ಇಲ್ಲೇ. 1923ರಲ್ಲಿ ರಾಮನ್ ಅವರ ವಿದ್ಯಾರ್ಥಿ ಕೆ.ಆರ್. ರಾಮನಾಥನ್ ನೀರಿನಲ್ಲಿ ಬೆಳಕು ಚದುರೋದನ್ನ ನೋಡ್ತಿದ್ದಾಗ ಬಣ್ಣ ಬದಲಾದ ಒಂದು ಮಂದ ಬೆಳಕು ಕಂಡಿತು. ಫ್ಲೋರೆಸೆನ್ಸ್ ಇರಬೇಕು, ನೀರಿನಲ್ಲಿ ಏನೋ ಕಸ ಇದೆ ಅಂದುಕೊಂಡರು. ರಾಮನ್ ಬಿಡಲಿಲ್ಲ. ಮತ್ತೆ ಮತ್ತೆ ಶುದ್ಧ ಮಾಡಿ ಅಂದರು. ಎಷ್ಟು ಶುದ್ಧ ಮಾಡಿದ್ರೂ ಆ ಮಂದ ಬೆಳಕು ಹೋಗಲಿಲ್ಲ. ಐದು ವರ್ಷ ಬಿಟ್ಟು, 1928ರ ಫೆಬ್ರವರಿ 28ಕ್ಕೆ, ಅದು ಕಸ ಅಲ್ಲ ಅಂತ ಖಾತ್ರಿಯಾಯ್ತು. ಮುಂದಿನದು ನಿಮಗೆ ಗೊತ್ತು, ಪ್ರತಿ ವರ್ಷ ಶಾಲೆಗಳಲ್ಲಿ ಆ ದಿನ ಭಾಷಣ ಇರುತ್ತೆ. ಇಂಗಾಲದ ಕಣದ ಒಳಗಿನ ಜೋಡಣೆ ನೋಡೋಕೆ ಇವತ್ತು ರಾಮನ್ ಸ್ಪೆಕ್ಟ್ರೋಸ್ಕೋಪಿಯನ್ನೇ ಬಳಸ್ತಾರೆ. ಎಷ್ಟೋ ಸಲ ಕಣದ ಹೊಳಪೇ ಜಾಸ್ತಿಯಾಗಿ ರಾಮನ್ ಬೆಳಕನ್ನ ಮುಳುಗಿಸಿಬಿಡುತ್ತಂತೆ.

ಕೋಲ್ಕತ್ತದ ಈ ಹಳೇ ಕಥೆ ತಲೆಯಲ್ಲಿ ಇಟ್ಟುಕೊಂಡಿರಿ.

2012ರಲ್ಲಿ ರೂರ್ಕೆಲಾದ ಎನ್ಐಟಿ ಮತ್ತು ಖರಗ್‌ಪುರದ ಐಐಟಿಯವರು ಕಿತ್ತಳೆ ರಸವನ್ನ ಮುಚ್ಚಿದ ಪಾತ್ರೆಯಲ್ಲಿ 120 ಡಿಗ್ರಿಗೆ ಎರಡೂವರೆ ಗಂಟೆ ಬೇಯಿಸಿ ಕಾರ್ಬನ್ ಡಾಟ್ ತೆಗೆದರು. ಕ್ವಾಂಟಮ್ ಯೀಲ್ಡ್ 26%. ಮೂಳೆ ಕ್ಯಾನ್ಸರಿನ ಜೀವಕೋಶಗಳು ಹೊಳೆದವು. ಆಮ್ಲ ಇಲ್ಲ, ಲೇಸರ್ ಇಲ್ಲ, ಹೊಗೆ ಇಲ್ಲ, ಒಂದು ಥರ ಪ್ರೆಶರ್ ಕುಕ್ಕರ್ ಕೆಮಿಸ್ಟ್ರಿ. ಆಮೇಲೆ ಜಗತ್ತಿನ ಅಡುಗೆಮನೆಯಲ್ಲಿ ಇರೋದೆಲ್ಲ ಕುಕ್ಕರಿಗೆ ಹೋಯ್ತು. ಹಾಲು, ಕಾಫಿಪುಡಿ, ಬೆಳ್ಳುಳ್ಳಿ, ಕೊತ್ತಂಬರಿ, ಸಿಪ್ಪೆ, ಎಲೆ. ಪ್ರತಿಯೊಂದರ ಮೇಲೂ ಒಂದು ಲೇಖನ. ಯಾಕೆ ಅಂತ ಅರ್ಥ ಆಗುತ್ತೆ: ದೊಡ್ಡ ಯಂತ್ರ ಇಲ್ಲದ ಕಾಲೇಜಿನ ಹುಡುಗಿಯೂ ಒಂದು ಓವನ್ ಇಟ್ಟುಕೊಂಡು ಮಾಡಬಹುದಾದ ವಿಜ್ಞಾನ ಇದು. ನನ್ನ ತಂಗಿ ಕೈಗೆ ಆ ಸೀಸೆ ಬಂದಿದ್ದೂ ಈ ದಾರಿಯಲ್ಲೇ. ಅದನ್ನ ನಾನು ಹಗುರ ಮಾಡಿ ಹೇಳ್ತಿಲ್ಲ.

2013ರಲ್ಲಿ ಚೀನಾದ ಜಿಲಿನ್ ವಿಶ್ವವಿದ್ಯಾಲಯದ ಬೈ ಯಾಂಗ್ ಅವರ ಗುಂಪು ಎಲ್ಲರ ಬಾಯಿ ಮುಚ್ಚಿಸೋ ಸಂಖ್ಯೆ ತಂತು. ನಿಂಬೆಯಲ್ಲಿರೋ ಸಿಟ್ರಿಕ್ ಆಮ್ಲಕ್ಕೆ ಎಥಿಲೀನ್‌ಡೈಅಮೀನ್ ಅನ್ನೋ ದ್ರವ ಸೇರಿಸಿ 200 ಡಿಗ್ರಿಗೆ ಐದು ಗಂಟೆ. ಕ್ವಾಂಟಮ್ ಯೀಲ್ಡ್ ಸುಮಾರು 80%. ಮಸಿಯ ಕಾಲದ 1%, 3% ಎಲ್ಲಿ, 80 ಎಲ್ಲಿ! ಕ್ಯಾಡ್ಮಿಯಂ ಡಾಟ್‌ಗಳ ಪಕ್ಕ ನಿಲ್ಲೋ ಹೊಳಪು, ಅದೂ ನಿಂಬೆಹುಳಿಯಿಂದ. ಸಿಕ್ಕಾಪಟ್ಟೆ ಜನ ಅದನ್ನೇ ಮಾಡಿದರು, ಅದರ ಮೇಲೆ ಕಟ್ಟಿದರು.

ನಮ್ಮ ಫೀಲ್ಡಿನಲ್ಲಿ ಒಂದು ಸಂಕಟ ಇದೆ. ಬರೆದ ಟೆಸ್ಟ್ ಎಲ್ಲ ಪಾಸ್ ಆಗ್ತಿರುತ್ತೆ, ಡ್ಯಾಶ್‌ಬೋರ್ಡ್ ಹಸಿರೋ ಹಸಿರು. ಆರು ತಿಂಗಳು ಬಿಟ್ಟು ನೋಡಿದ್ರೆ ಟೆಸ್ಟ್ ಮಾಡ್ತಿದ್ದದ್ದೇ ಬೇರೆ ಏನನ್ನೋ. 2015ರಲ್ಲಿ ಆಗಿದ್ದು ಹೆಚ್ಚುಕಡಿಮೆ ಇದು. ಹೇಳಿದ್ದು ಹೊರಗಿನವರಲ್ಲ, ಅದೇ ಬೈ ಯಾಂಗ್ ಅವರ ಗುಂಪು. ತಾವೇ ಮಾಡಿದ ದ್ರಾವಣವನ್ನ ಬಿಡಿಸಿ ಬಿಡಿಸಿ ನೋಡಿದಾಗ ಅದರಲ್ಲಿ ಒಂದು ಪುಟಾಣಿ ಅಣು ಸಿಕ್ಕಿತು. ಸಂಕ್ಷಿಪ್ತವಾಗಿ ಐಪಿಸಿಎ ಅಂತಾರೆ. ಸಿಟ್ರಿಕ್ ಆಮ್ಲ, ಅಮೀನ್ ಎರಡೂ ಬಿಸಿಯಲ್ಲಿ ಕೂಡಿದಾಗ ತಾನಾಗಿ ಹುಟ್ಟೋ ಸಾದಾ ಬಣ್ಣದ ಅಣು. ಝಗ್ ಅಂತ ನೀಲಿ ಹೊಳೆಯೋದು ಮುಖ್ಯವಾಗಿ ಅದು. ಇಂಗಾಲದ ಕಣವೂ ಇತ್ತು, ಹೊಳೀತಿತ್ತು ಕೂಡ, ಆದರೆ ತುಂಬಾ ಮಂದವಾಗಿ. ಅಣು ಬೆಳಕಿನಲ್ಲಿ ಬೇಗ ಮಾಸುತ್ತೆ, ಕಣ ಮಾಸಲ್ಲ. ಮಾಸೋ ಬಣ್ಣ ಬೇಡ ಅಂತಲೇ ಅಲ್ವಾ ಎಲ್ಲ ಶುರುವಾಗಿದ್ದು?

ತಮ್ಮ ಲೇಖನಕ್ಕೆ ಬಂದ ಹೆಸರನ್ನ ತಾವೇ ಕೆರೆದು ನೋಡೋಕೆ ಎದೆ ಬೇಕು. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ದೊಡ್ಡ ಪ್ರಯೋಗ ಅನ್ನಿಸಿದ್ದು ಇದು, 80% ಅಲ್ಲ.

2018ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಗ್ಯಾರಿ ಬೇಕರ್ ಮತ್ತು ಸಂಗಡಿಗರು ಇನ್ನೂ ಖಡಕ್ಕಾಗಿ ಬರೆದರು. ಬೇಕರ್ ಈ ಕ್ಷೇತ್ರದ ಮೇಲೆ ಸಿಟ್ಟಿದ್ದವರಲ್ಲ, 2010ರಲ್ಲಿ ಕಾರ್ಬನ್ ಡಾಟ್ ಬಗ್ಗೆ ಎಲ್ಲರೂ ಓದೋ ಮೊದಲ ಸಮೀಕ್ಷೆ ಬರೆದ ಇಬ್ಬರಲ್ಲಿ ಒಬ್ಬರು. ಅವರ ಮಾತು ಇಷ್ಟು: ಸರಿಯಾಗಿ ಶುದ್ಧ ಮಾಡದೆ ಅಳೆದರೆ ನೀವು ಅಳೀತಿರೋದು ಡಾಟನ್ನಲ್ಲ, ಅದರ ಜೊತೆ ಇರೋ ಚಿಕ್ಕ ಅಣುಗಳ ಕಸವನ್ನ. ಎಷ್ಟೋ ಪ್ರಕಟಿತ ಫಲಿತಾಂಶಗಳಲ್ಲಿ ಈ ಶುದ್ಧೀಕರಣ ಸಾಕಷ್ಟು ಆಗಿಲ್ಲ. ಜೀವಕೋಶದ ಚಿತ್ರಕ್ಕೆ ಇದು ಸಣ್ಣ ವಿಷಯ ಅಲ್ಲ. ಕಣ ಹೊಳೆದಿದ್ದರೆ ಚಿತ್ರ ತೋರಿಸೋದು ಕಣ ಎಲ್ಲಿ ಹೋಯ್ತು ಅನ್ನೋದನ್ನ. ಅಣು ಹೊಳೆದಿದ್ದರೆ ಅಣು ಎಲ್ಲಿ ಹೋಯ್ತು ಅನ್ನೋದನ್ನ. ಕಣಕ್ಕೆ ಔಷಧಿ ಕಟ್ಟಿ ಕಳಿಸಬೇಕು ಅಂತಿದ್ದವನು ಈ ಚಿತ್ರ ನಂಬಿದ್ರೆ, ಬಸ್ಸು ಊರು ಮುಟ್ಟಿದೆ ಅಂತ ಮೈಲಿಗಲ್ಲಿಗೆ ಫೋನ್ ಮಾಡಿ ಕೇಳಿದ ಹಾಗೆ. ಅದರ ಮೇಲೆ ಇನ್ನೊಂದು ಗೋಳು: ನೇರಳಾತೀತ ಬೆಳಕು ಬಿದ್ದರೆ ಜೀವಕೋಶದ ಸ್ವಂತ ಅಣುಗಳೂ ನೀಲಿ-ಹಸಿರಾಗಿ ಹೊಳೀತವೆ. ಹಾಗಾಗಿ ನೀಲಿ ಡಾಟ್ ಎಷ್ಟು ಹೊಳೆದ್ರೂ ಕೆಂಪು ಡಾಟಿಗೇ ಬೇಡಿಕೆ.

ಇಷ್ಟು ಓದಿ ಮುಗಿಸಿದಾಗ ರಿಪೋರ್ಟಿಗೆ ಹತ್ತು ದಿನ ಉಳಿದಿತ್ತು. ತಂಗಿಯ ಪಾಕವಿಧಾನ ನೋಡಿದೆ: ನಿಂಬೆರಸ, ಅಮೀನ್, 200 ಡಿಗ್ರಿ, ಫಿಲ್ಟರ್ ಕಾಗದದಲ್ಲಿ ಸೋಸು. ಅಷ್ಟೇ. ಫಿಲ್ಟರ್ ಕಾಗದಕ್ಕೆ ಅಣುವೂ ಒಂದೇ, ಕಣವೂ ಒಂದೇ, ಎರಡನ್ನೂ ಬಿಡುತ್ತೆ. ಹೇಳ್ಲೋ ಬೇಡ್ವೋ ಅಂತ ಒಂದು ದಿನ ಒದ್ದಾಡಿದೆ. ನಮ್ಮ ಮನೆತನದಲ್ಲಿ ಎಂ.ಎಸ್ಸಿ. ತನಕ ಬಂದ ಮೊದಲ ಹೆಣ್ಣುಮಗಳು. ಕ್ವಾಂಟಮ್ ಯೀಲ್ಡ್ ಲೆಕ್ಕ ಹಾಕಿ 54% ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ. ಕೆಮಿಸ್ಟ್ರಿ ಗೊತ್ತಿಲ್ಲದ ಅಣ್ಣ ಬಂದು ನಿನ್ನದು ಬರೀ ಕಸ ಇರಬಹುದು ಅಂದ್ರೆ? ಕೊನೆಗೆ ಫೋನ್ ಮಾಡಿ, ಬೇಕರ್ ಅವರ ವಿಷಯ ಏನೂ ಎತ್ತದೆ, ರಾಮನಾಥನ್ ನೀರಿನ ಕಥೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಡಯಾಲಿಸಿಸ್ ಮಾಡ್ಬೇಕಿತ್ತು ಅಂತ ನಂಗೂ ಗೊತ್ತಿತ್ತು ಅಣ್ಣ. ಟೈಮ್ ಇರ್ಲಿಲ್ಲ" ಅಂದಳು.

ಡಯಾಲಿಸಿಸ್ ಅಂದ್ರೆ ಆಸ್ಪತ್ರೆಯದ್ದೇ ತತ್ವ. ಸಣ್ಣ ತೂತಿನ ಪೊರೆಯ ಚೀಲಕ್ಕೆ ದ್ರಾವಣ ತುಂಬಿ, ಗಂಟು ಹಾಕಿ, ಶುದ್ಧ ನೀರಿನ ಬೀಕರಿನಲ್ಲಿ ತೇಲಿಬಿಡೋದು. ಅಣು ಹೊರಗೆ ಜಾರುತ್ತೆ, ಕಣ ಒಳಗೆ ಉಳಿಯುತ್ತೆ. ನೀರು ಬದಲಾಯಿಸ್ತಾ ಇರಬೇಕು, ದಿನಗಟ್ಟಲೆ. ಪಕ್ಕದ ಲ್ಯಾಬಿನವರ ಹತ್ರ ಬೇಡಿ ಒಂದು ಗೇಣು ಚೀಲ ತಂದಳು.

ಮರುದಿನ ಬೆಳಿಗ್ಗೆ ಬಂದ ಫೋಟೋದಲ್ಲಿ ಬೀಕರಿನ ನೀರು ಚೀಲಕ್ಕಿಂತ ಜೋರಾಗಿ ನೀಲಿ ಹೊಳೀತಿತ್ತು. ಕೆಳಗೆ ಒಂದು ಅಕ್ಷರವೂ ಬರೆದಿರಲಿಲ್ಲ. ಎರಡನೇ ದಿನದ ನೀರೂ ನೀಲಿ. ಮೂರನೇ ದಿನ ಮಂಕು. ಐದನೇ ದಿನ ರಾತ್ರಿ ಹನ್ನೊಂದಕ್ಕೆ, ಮತ್ತದೇ ನೋಟಿನ ಟಾರ್ಚು, ಬೀಕರ್ ಪೂರ್ತಿ ಕತ್ತಲು, ಅದರ ನಡುವೆ ಚೀಲ ಕಂಡೂ ಕಾಣದ ಹಾಗೆ.

"3.1% ಅಣ್ಣ. ಆದ್ರೆ ಇದು ಹೋಗ್ತಿಲ್ಲ. ನಾಲ್ಕನೇ ಚಾಪ್ಟರ್ ಪೂರ್ತಿ ಮತ್ತೆ ಬರೀತಿದೀನಿ, ನಾಳೆ ಕಳಿಸ್ತೀನಿ, ಇಂಗ್ಲಿಷ್ ನೋಡು."